'ಲ್ವೋಮಾ': ಕುದುರೆಯಿಂದ ಬಿದ್ದ ಅಧಿಕಾರಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಚೀನೀ ಕಲಿಯುತ್ತಿದ್ದೇನೆ. ದಿನಕ್ಕೊಂದು ಸುದ್ದಿ ಓದಿ, ಅದನ್ನು ನಾಲ್ಕು ಸಾಲಿನ ಕನ್ನಡಕ್ಕೆ ಇಳಿಸುವ ರೂಢಿ ಇಟ್ಟುಕೊಂಡಿದ್ದೇನೆ. ಒಂದು ಪದ ಬಂದಾಗಲೆಲ್ಲ ಕೈ ನಿಲ್ಲುತ್ತದೆ: 'ಲ್ವೋಮಾ'. ಲ್ವೋ ಅಂದರೆ ಬೀಳು, ಮಾ ಅಂದರೆ ಕುದುರೆ. ತಲೆಬರಹದಲ್ಲಿ ಇದು ಕಂಡರೆ, ದೊಡ್ಡ ಅಧಿಕಾರಿಯೊಬ್ಬರು ಭ್ರಷ್ಟಾಚಾರದ ತನಿಖೆಗೆ ಸಿಕ್ಕಿಬಿದ್ದರು ಎಂದು ತಿಳಿಯಬೇಕು.

ಚೀನಾ ಕಮ್ಯುನಿಸ್ಟ್ ಪಕ್ಷದ ಶಿಸ್ತು ಆಯೋಗದ ಪ್ರಕಟಣೆಯಲ್ಲಿ ಈ ಕುದುರೆ ಇರುವುದಿಲ್ಲ. ಅಲ್ಲಿ ಅಚ್ಚು ಹೊಯ್ದಂಥ ಸಾಲು: ಇಂಥವರು ಶಿಸ್ತು, ಕಾನೂನನ್ನು ಗಂಭೀರವಾಗಿ ಮೀರಿದ ಶಂಕೆಯಿದೆ, ಸದ್ಯ ತನಿಖೆಯನ್ನು 'ಸ್ವೀಕರಿಸುತ್ತಿದ್ದಾರೆ'. ಮುಯ್ಯಿ ಸ್ವೀಕರಿಸಿದ ಹಾಗೆ! ಚೀನೀಯಲ್ಲಿ ಆಸ್ಪತ್ರೆಯ ಚಿಕಿತ್ಸೆಯನ್ನೂ ಹೀಗೇ ಸ್ವೀಕರಿಸುತ್ತಾರೆ, ಅದರಲ್ಲಿ ವ್ಯಂಗ್ಯ ಏನಿಲ್ಲ. ಮೊದಲು 'ತನಿಖೆ ಎದುರಿಸುತ್ತಿದ್ದಾರೆ' ಎಂದು ಬರೆಯುತ್ತಿದ್ದೆ. ಎದುರಿಸುವವನು ಎದುರು ನಿಂತ ಹಾಗಾಗುತ್ತದೆ, ಅಲ್ವಾ? ಈಗ 'ಒಳಗಾಗಿದ್ದಾರೆ' ಎನ್ನುತ್ತೇನೆ.

ಲ್ವೋಮಾಗೆ ನಮ್ಮ ಪತ್ರಿಕೆಗಳ ಪದಗಳನ್ನೆಲ್ಲ ಹಾಕಿ ನೋಡಿದೆ. 'ಎತ್ತಂಗಡಿ' ಬರೀ ವರ್ಗಾವಣೆ. 'ಲೋಕಾಯುಕ್ತ ಬಲೆಗೆ' ಎನ್ನುವಾಗ ಲಂಚದ ನೋಟು ಕೈಯಲ್ಲೇ ಇರುತ್ತದೆ. 'ತಲೆದಂಡ' ಸರಿ ಅನ್ನಿಸಿತ್ತು. ಆದರೆ ಯಾರದೋ ತಪ್ಪಿಗೆ ಇನ್ಯಾರದೋ ಕುರ್ಚಿ ಹೋದರೂ ನಾವು ತಲೆದಂಡ ಅನ್ನುತ್ತೇವೆ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಚೀನಾದಲ್ಲಿ ನಿವೃತ್ತರೂ ಕುದುರೆಯಿಂದ ಬೀಳುತ್ತಾರೆ!

ಝೋ ಯೊಂಗ್‌ಕಾಂಗ್ ಅವರನ್ನೇ ನೋಡಿ. ಪಕ್ಷದ ಅತ್ಯುನ್ನತ ಕೂಟವಾದ ಪಾಲಿಟ್‌ಬ್ಯೂರೋ ಸ್ಥಾಯಿ ಸಮಿತಿಯಲ್ಲಿದ್ದವರು. 2012ರಲ್ಲಿ ಸ್ಥಾನ ಬಿಟ್ಟರು. 2014ರ ಜುಲೈ 29ರಂದು ಅವರ ಮೇಲಿನ ತನಿಖೆಯ ಸುದ್ದಿ ಹೊರಬಿತ್ತು. ಆ ಹೊತ್ತಿಗೆ ದಂಡವಾಗಿ ಕೊಡಲು ಕುರ್ಚಿಯೇ ಇರಲಿಲ್ಲ. ಪ್ರಕಟಣೆಯಲ್ಲಿ ಹೆಸರಿನ ಜೊತೆ 'ಥೊಂಗ್‌ಝಿ', ಅಂದರೆ ಕಾಮ್ರೇಡ್, ಕೂಡ ಇರಲಿಲ್ಲ. ಓದಿ ಪಳಗಿದವರಿಗೆ ಕಥೆ ಮುಗಿಯಿತೆಂದು ತಿಳಿಯಲು ಅಷ್ಟೇ ಸಾಕು. ಜೀವಾವಧಿ ಶಿಕ್ಷೆ ಆಗಿದ್ದು 2015ರ ಜೂನ್‌ನಲ್ಲಿ. ಹೀಗೆ ಇರುವ ಪದಕ್ಕಿಂತ ಬಿಟ್ಟ ಪದವೇ ಜಾಸ್ತಿ ಹೇಳುವುದುಂಟು.

ಹಾಗಾಗಿ ನನಗೆ ಬೇಕಾದ ಪದ, ತನಿಖೆಯ ಮೊದಲ ದಿನವೇ 'ಇನ್ನು ಇವರು ಏಳುವುದಿಲ್ಲ' ಎನ್ನುವಂಥದ್ದು. ಸದ್ಯಕ್ಕೆ 'ಉರುಳಿದರು' ಎಂದು ಬರೆಯುತ್ತಿದ್ದೇನೆ. ಸರ್ಕಾರ ಉರುಳುತ್ತದೆ, ಮರ ಉರುಳುತ್ತದೆ, ಮನುಷ್ಯ ಉರುಳಿದರೆ ಸತ್ತನೇನೋ ಅನ್ನಿಸುತ್ತದೆ.

ಜೊತೆಗೆ ಇನ್ನೊಂದು. 2013ರಲ್ಲಿ ಷಿ ಜಿನ್‌ಪಿಂಗ್ 'ಹುಲಿ, ನೊಣ ಎರಡನ್ನೂ ಹೊಡೆಯಬೇಕು' ಎಂದ ಮೇಲೆ, ದೊಡ್ಡ ಭ್ರಷ್ಟರೆಲ್ಲ ಅಲ್ಲಿ ಹುಲಿಗಳು, ಸಣ್ಣವರು ನೊಣಗಳು. ವರ್ಷದಲ್ಲಿ ಮೊದಲು ಬಿದ್ದವರು 'ಮೊದಲ ಹುಲಿ'. ಕನ್ನಡದಲ್ಲಿ ಹುಲಿ ಎಂದರೆ ಹೊಗಳಿಕೆ. ನಮ್ಮ ಭ್ರಷ್ಟರು ತಿಮಿಂಗಿಲಗಳು. ಹಾಗಂತ ತಿಮಿಂಗಿಲ ಅಂದುಬಿಟ್ಟರೆ ಪಕ್ಕದ ನೊಣವನ್ನು ಏನು ಮಾಡೋಣ?

ಉತ್ತರ ಕರ್ನಾಟಕದ ಕಡೆ, ಅಥವಾ ಹಳೆಯ ಲಾವಣಿಗಳಲ್ಲಿ, ಕುದುರೆಯಿಂದ ಬಿದ್ದವನನ್ನು ಹಿಡಿದು ಹೇಳುವ ಮಾತೇನಾದರೂ ಇದ್ದರೆ ದಯವಿಟ್ಟು ತಿಳಿಸಿ.