ಮಹಿಳಾ ದಿನಕ್ಕೆ ನಾಟಕವೋ, ಪ್ರದರ್ಶನವೋ, ಸನ್ಮಾನವೋ? ಮಾಡಿ ಅನುಭವ ಇರೋರು ಹೇಳಿ

ಕಪಿಲಾ ತೀರ, ನಂಜನಗೂಡು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಹಳ್ಳಿಯ ಸ್ತ್ರೀಶಕ್ತಿ ಸಂಘದವರು ಈ ಸಲ ಮಾರ್ಚ್ 8ಕ್ಕೆ ಬರೀ ಭಾಷಣ, ಊಟ ಬೇಡ, ಹೆಣ್ಮಕ್ಕಳ ಇತಿಹಾಸ ತೋರಿಸುವಂಥದ್ದು ಏನಾದರೂ ಮಾಡೋಣ ಅಂತಿದ್ದೇವೆ. ಕೈಯಲ್ಲಿರೋದು 25,000 ರೂಪಾಯಿ. ಹೈಸ್ಕೂಲಿನ ಹಾಲ್ ಕೇಳಿದ್ದೇವೆ. ಬರೋರಲ್ಲಿ ಅರ್ಧ ಜನಕ್ಕೆ ಓದೋಕೆ ಬರಲ್ಲ, ಅದನ್ನ ಗಮನದಲ್ಲಿಟ್ಟು ಹೇಳಿ.

ರಂಗದ ಹುಚ್ಚು, ಮಂಡ್ಯ

ಎರಡನೇ ಮಾತೇ ಬೇಡ, ನಾಟಕ ಮಾಡಿ. ನಾವು ಕಿತ್ತೂರು ಚೆನ್ನಮ್ಮ ಆಡಿದೆವು. ಪಾತ್ರಧಾರಿಗಳೆಲ್ಲ ಹೆಂಗಸರೇ. ಬ್ರಿಟಿಷ್ ಅಧಿಕಾರಿ ಥ್ಯಾಕರೆ ಪಾತ್ರ ನಮ್ಮೂರ ಅಂಗನವಾಡಿ ಟೀಚರ್ ಮಾಡಿದ್ದು. 1824ರ ಅಕ್ಟೋಬರ್ 23ರ ಯುದ್ಧದಲ್ಲಿ ಥ್ಯಾಕರೆ ಬಿದ್ದಾಗ ಬಿದ್ದ ಶಿಳ್ಳೆ ಇವತ್ತಿಗೂ ಕಿವಿಯಲ್ಲಿದೆ. ಹೆಂಗಸರು ಮೀಸೆ ಕಟ್ಟೋದಾ ಅಂತ ಕೆಲವರು ಮೂಗು ಮುರಿದರು. ಆರ್. ನಾಗರತ್ನಮ್ಮನವರು 1958ರಲ್ಲೇ ಮೈಸೂರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ತಾವೇ ಕಂಸನ ಪಾತ್ರ ಮಾಡಿ ಮೆರೆದವರು. ಅದನ್ನ ಮೈಕಿನಲ್ಲೇ ಹೇಳಿ ನಾಟಕ ಶುರು ಮಾಡಿದ್ವಿ.

ಖರ್ಚು ಹೇಳ್ತೀನಿ. ಸೀನರಿ, ಲೈಟು ಸೇರಿ 38,000. ಹಾರ್ಮೋನಿಯಂ ಮೇಷ್ಟ್ರಿಗೆ 15,000. ಡ್ರೆಸ್ಸು, ಮೇಕಪ್ 11,000. ಮೈಕ್ ಸೆಟ್ 6,500. ಊಟ 9,000. ಕರಪತ್ರ 2,500. ಒಟ್ಟು 82,000. ಪಂಚಾಯ್ತಿಯಿಂದ ಒಂದು ರೂಪಾಯಿ ಬರಲಿಲ್ಲ. ನಮ್ಮ ಚೆನ್ನಮ್ಮ ಪಾತ್ರಧಾರಿ ತನ್ನ ಓಲೆ ಅಡ ಇಟ್ಟಳು, ಬಿಡಿಸಿಕೊಂಡಿದ್ದು ಕಬ್ಬಿನ ದುಡ್ಡು ಬಂದ ಮೇಲೆ. ಸೀನರಿಯವನು ಏಳಕ್ಕೆ ಬರ್ತೀನಿ ಅಂದವನು ಒಂಬತ್ತಕ್ಕೆ ಬಂದ. ಬರೋವಾಗ ಅರಮನೆ ಪರದೆ ಬಿಟ್ಟು ಕಾಡಿನ ಪರದೆ ತಂದಿದ್ದ. ಚೆನ್ನಮ್ಮ ದರ್ಬಾರು ನಡೆಸಿದ್ದು ಕಾಡಿನ ಮುಂದೆಯೇ! ಆದರೂ ಬೆಳಗಿನ ಜಾವದ ತನಕ ಒಬ್ಬರೂ ಏಳಲಿಲ್ಲ.

ನಿವೃತ್ತ ಶಿಕ್ಷಕಿ, ಧಾರವಾಡ

ಏನ್ರೀ ಇದು, ಅವರ ಹತ್ತಿರ ಇರೋದು 25,000. ನೀವು 82,000ದ ಲೆಕ್ಕ ಕೊಟ್ಟಿದ್ದೀರಿ.

ನಾವು ಚಿತ್ರ ಪ್ರದರ್ಶನ ಮಾಡಿದೆವು. ಮೂರಡಿ ಎರಡಡಿಯ 24 ಪ್ಯಾನೆಲ್. ಫ್ಲೆಕ್ಸ್ ಅಗ್ಗ ಅಂತ ನಮ್ಮ ಖಜಾಂಚಿ ಹಟ ಹಿಡಿದಿದ್ದರು, ನಾನು ಒಪ್ಪಲಿಲ್ಲ. ಫ್ಲೆಕ್ಸ್ ಮೇಲೆ ಟ್ಯೂಬ್‌ಲೈಟ್ ಬಿದ್ದರೆ ಮುಖವೇ ಕಾಣೋದಿಲ್ಲ. ಸನ್‌ಬೋರ್ಡ್ ಮಾಡಿಸಿದೆ, ಚದರ ಅಡಿಗೆ 80 ರೂಪಾಯಿ, ಒಟ್ಟು 11,520. ಡಿಸೈನಿಗೆ ಒಂದಕ್ಕೆ 250ರ ಹಾಗೆ 6,000. ಸ್ಟ್ಯಾಂಡುಗಳನ್ನು ಪೆಂಡಾಲಿನವರ ಹತ್ತಿರ ಎರಡು ದಿನಕ್ಕೆ ಬಾಡಿಗೆ ತಂದೆವು, 1,920.

ಪೆಟ್ಟು ಬಿದ್ದದ್ದು ಅಕ್ಷರದಲ್ಲಿ. ನಾನು 'ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಸಿ ಕೊಟ್ಟಿದ್ದೆ, ಪ್ರೆಸ್ಸಿನ ಹುಡುಗ ಅದನ್ನು ಯೂನಿಕೋಡಿಗೆ ತಂದ. ಒತ್ತಕ್ಷರ ಎಲ್ಲಾ ಉದುರಿಹೋದವು. ದಾನಚಿಂತಾಮಣಿ ಅತ್ತಿಮಬ್ಬೆ 'ಅತಿಮಬೆ' ಆಗಿದ್ದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಆಕೆ, ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದವಳು. ಓಲೆಗರಿಯ ಮೇಲೆ ಕೈಯಲ್ಲೇ ಬರೆಸಬೇಕಾದ ಕಾಲ ಅದು. ಅಂಥವಳ ಹೆಸರನ್ನೇ ತಪ್ಪಾಗಿ ಅಚ್ಚು ಹಾಕಿದರೆ ಹೊಟ್ಟೆ ಉರಿಯೋದಿಲ್ಲವಾ? ಏಳು ಪ್ಯಾನೆಲ್ ಮತ್ತೆ ಹಾಕಿಸಿದೆ. 3,360 ದಂಡ, ಅದೂ ನನ್ನ ಪಿಂಚಣಿಯಿಂದ. ಒಟ್ಟು 22,800.

ಓದೋಕೆ ಬರದವರಿಗೆ ನಾವು ಮಾಡಿದ್ದು ಇಷ್ಟೇ. ಗಂಗೂಬಾಯಿ ಹಾನಗಲ್ ಅವರ ಪ್ಯಾನೆಲ್ ಪಕ್ಕ ಒಂದು ಮೊಬೈಲಿನಲ್ಲಿ ಅವರ ಹಾಡು ಹಚ್ಚಿಟ್ಟಿದ್ದೆವು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು ಅಂತ ನಮ್ಮ ಹುಡುಗಿಯೊಬ್ಬಳು ನಿಂತು ಹೇಳ್ತಿದ್ದಳು. ತರಕಾರಿ ಮಾರುವ ಹೆಂಗಸರು ಬುಟ್ಟಿ ಇಳಿಸಿ ಅಲ್ಲೇ ಕೂತುಬಿಟ್ಟರು. ಗಂಗೂಬಾಯಿಯವರ ದನಿ ಎಷ್ಟು ಭಾರ ಅಂದರೆ, ಹಾಡ್ತಿರೋದು ಹೆಂಗಸಾ ಅಂತ ಒಬ್ಬಾಕೆ ಎರಡೆರಡು ಸಲ ಕೇಳಿದಳು.

ರಂಗದ ಹುಚ್ಚು, ಮಂಡ್ಯ

ಮೇಡಂ, ಖರ್ಚು ಕಡಿಮೆ ಮಾಡೋದೇ ದೊಡ್ಡದಾದರೆ ಏನೂ ಮಾಡದೆ ಮನೇಲಿ ಕೂರಬಹುದು. ಪ್ಯಾನೆಲ್ ಮುಂದೆ ಜನ ಫೋಟೋ ತಗೊಂಡು ಹೋಗ್ತಾರೆ. ನಮ್ಮ ನಾಟಕ ನೋಡಿದ ಹುಡುಗೀರು ಚೆನ್ನಮ್ಮನ ಮಾತು ಇವತ್ತಿಗೂ ಬಾಯಿಪಾಠ ಹೇಳ್ತಾರೆ.

ಅಗೇರು, ಅಂಕೋಲಾ

ನೀವಿಬ್ಬರೂ ಹೋದವರ ಬಗ್ಗೆಯೇ ಮಾತಾಡ್ತಾ ಇದ್ದೀರಿ. ಬದುಕಿರೋರನ್ನ ಕರೆಸಿ.

ನಮ್ಮ ತಾಲ್ಲೂಕಿನಲ್ಲಿ ಹೊನ್ನಳ್ಳಿಯ ತುಳಸಿ ಗೌಡ ಇದ್ದರು, ಬಡಿಗೇರಿಯ ಸುಕ್ರಿ ಬೊಮ್ಮಗೌಡ ಇದ್ದರು. ಇಬ್ಬರೂ ಹಾಲಕ್ಕಿ ಸಮುದಾಯದವರು, ಇಬ್ಬರಿಗೂ ಪದ್ಮಶ್ರೀ. ಒಬ್ಬರು ಗಿಡ ನೆಟ್ಟು ಕಾಡು ಬೆಳೆಸಿದರು. ಇನ್ನೊಬ್ಬರು ಹಾಡು ಉಳಿಸಿದರು, ಸಾರಾಯಿ ವಿರುದ್ಧ ಹೋರಾಡಿದರು. ತುಳಸಜ್ಜಿ 2024ರ ಡಿಸೆಂಬರಿನಲ್ಲಿ ಹೋದರು, ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ. ಎರಡೇ ತಿಂಗಳ ಅಂತರ. ಈಗ ಅವರ ಫೋಟೋಗೆ ಹಾರ ಹಾಕಿ ಕಾರ್ಯಕ್ರಮ ಮಾಡೋರು ಬೇಕಾದಷ್ಟು ಜನ ಇದ್ದಾರೆ.

ನಾನು ನನ್ನೂರಿನ ಸೂಲಗಿತ್ತಿ ಅಜ್ಜಿಯೊಬ್ಬರನ್ನ ಒಂದು ಸಂಘದ ಸನ್ಮಾನಕ್ಕೆ ಕರೆದುಕೊಂಡು ಹೋಗಿದ್ದೆ. ಕಾರಿಗೆ 2,800 ಕೊಟ್ಟೆ. ಸಂಘದವರು ಕೊಡ್ತೀವಿ ಅಂದವರು ಕೊಡಲಿಲ್ಲ. ಹತ್ತು ಗಂಟೆಗೆ ಬನ್ನಿ ಅಂದರು, ಅತಿಥಿಗಳು ಬಂದಿದ್ದು ಒಂದೂವರೆಗೆ. ಅಲ್ಲೀತನಕ ಆ ಅಜ್ಜಿ ಪ್ಲಾಸ್ಟಿಕ್ ಕುರ್ಚಿ ಮೇಲೆ. ಶೌಚಾಲಯಕ್ಕೆ ಬೀಗ. ಶಾಲು ಹೊದಿಸಿದರು, ಫಲಕ ಕೊಟ್ಟರು. ಮೈಕು ಮಾತ್ರ ಕೊಡಲಿಲ್ಲ, ಟೈಮ್ ಆಯ್ತಂತೆ! ಹೇಳೋಕೆ ಅಂತ ಏನೇನೋ ನೆನಪು ಮಾಡ್ಕೊಂಡು ಬಂದಿದ್ದರು ಪಾಪ. ಸನ್ಮಾನ ಮಾಡೋದಾದರೆ ಶಾಲು ಬಿಡಿ, ಅರ್ಧ ಗಂಟೆ ಮೈಕು ಕೊಡಿ, ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಟೈಲರಿಂಗ್ ಬ್ಯಾಚ್, ಬೊಮ್ಮನಹಳ್ಳಿ

ಅಂಕೋಲಾ ಅಣ್ಣ ಹೇಳಿದ್ದು ಸರಿ. ಆದರೆ ಪ್ರಶಸ್ತಿ ಬಂದವರು ಮಾತ್ರ ಯಾಕೆ? ರಾಣಿಯರು ಮಾತ್ರ ಯಾಕೆ? ಮಾರ್ಚ್ 8 ಹುಟ್ಟಿದ್ದೇ ಕೆಲಸಗಾರ ಹೆಂಗಸರಿಂದ. 1917ರಲ್ಲಿ ಆ ದಿನ ರಷ್ಯಾದ ಪೆಟ್ರೊಗ್ರಾಡಿನಲ್ಲಿ ಬಟ್ಟೆ ಗಿರಣಿಯ ಹೆಂಗಸರು ರೊಟ್ಟಿ ಕೇಳಿ ಬೀದಿಗೆ ಬಂದರು.

ನಮ್ಮದೂ ಒಂದು ಇತಿಹಾಸ ಇದೆ. 2016ರ ಏಪ್ರಿಲ್. ಪಿಎಫ್ ದುಡ್ಡಲ್ಲಿ ಕಂಪನಿ ಪಾಲನ್ನ 58 ವರ್ಷ ಆಗೋವರೆಗೂ ತೆಗೆಯೋ ಹಾಗಿಲ್ಲ ಅಂತ ನಿಯಮ ಬಂದಿತ್ತು. ಅಷ್ಟು ವರ್ಷ ಗಾರ್ಮೆಂಟ್ಸಲ್ಲಿ ಯಾರಿಗೆ ಮೈ ತಡೆಯುತ್ತೆ? ಮಗಳ ಫೀಸಿಗೆ, ಮದುವೆಗೆ ಅಂತ ನಾವು ನಂಬಿದ್ದೇ ಆ ದುಡ್ಡು. ಯಾವ ಯೂನಿಯನ್ನೂ ಕರೀಲಿಲ್ಲ, ಯಾವ ಲೀಡರೂ ಇರಲಿಲ್ಲ. ಮಷೀನ್ ಬಿಟ್ಟು ಸಾವಿರಾರು ಹೆಂಗಸರು ಹೊಸೂರು ರಸ್ತೆಗೆ ಇಳಿದೆವು. ಲಾಠಿ ಬಿತ್ತು, ಅಶ್ರುವಾಯು ಬಿಟ್ಟರು. ಎರಡನೇ ದಿನಕ್ಕೆ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಇಡೀ ದೇಶದ ಕೆಲಸಗಾರರಿಗೆ ಅದರ ಲಾಭ ಆಯ್ತು. ನನಗೆ ಆ ದಿನಗಳ ಸಂಬಳ ಹೋಯ್ತು, ಮೊಣಕೈ ಊದಿತ್ತು.

ನಾವು ಮಹಿಳಾ ದಿನ ಅಂತ ಬಾಡಿಗೆ ರೂಮಲ್ಲಿ ಸೇರಿ ಆ ಕಥೆ ಹೇಳ್ಕೊಂಡೆವು. ಟೀ, ಬನ್ನು, ಚಾಪೆ ಬಾಡಿಗೆ ಎಲ್ಲಾ ಸೇರಿ 1,150. ನಿಮ್ಮ ಸಂಘದಲ್ಲೂ ಗಾರ್ಮೆಂಟ್ಸಿಗೆ ಹೋಗೋರು ಇರ್ತಾರೆ, ಅವರನ್ನ ಮಾತಾಡಿಸಿ. ದಯವಿಟ್ಟು ರಂಗೋಲಿ ಸ್ಪರ್ಧೆ ಮಾತ್ರ ಇಡಬೇಡಿ.

ಬಣ್ಣದ ಅಂಗಳ, ದಾವಣಗೆರೆ

ರಂಗೋಲಿ ಮೇಲೆ ಯಾಕಮ್ಮ ಕೋಪ? ನಮ್ಮಲ್ಲಿ ಸ್ಪರ್ಧೆ ಇಟ್ಟಿದ್ದಕ್ಕೇ ಮನೆಯಿಂದ ಹೊರಗೆ ಬಾರದ ಸೊಸೆಯರು ಬಂದರು. ಅತ್ತೆಯರು ಬೇಡ ಅನ್ನಲಿಲ್ಲ. ವಿಷಯ ಕೊಟ್ಟಿದ್ದು ಒನಕೆ ಓಬವ್ವ. ಹೈದರಾಲಿಯ ಸೈನಿಕರು ಬರುವ ಕಿಂಡಿ, ಪಕ್ಕದಲ್ಲಿ ನೀರಿನ ಕೊಡ, ಕೈಯಲ್ಲಿ ಒನಕೆ. ಒಬ್ಬಾಕೆ ಬಂಡೆಗೆ ಬೂದಿ, ಇದ್ದಿಲು ಕಲಸಿ ಬಣ್ಣ ಮಾಡಿದ್ದಳು, ಕಲ್ಲೇ ಅನ್ನಬೇಕು ಹಾಗೆ. ಬಣ್ಣದ ಪುಡಿಗೆ 1,800, ಬಹುಮಾನದ ಸ್ಟೀಲ್ ಡಬ್ಬಿಗಳಿಗೆ 4,200. ಮಧ್ಯಾಹ್ನ ಗಾಳಿ ಬಂದು ಅರ್ಧ ಹಾರಿಹೋಯ್ತು ಅನ್ನೋದು ಬಿಟ್ಟರೆ ಏನೂ ಕೊರತೆ ಆಗಲಿಲ್ಲ.

ಟೈಲರಿಂಗ್ ಬ್ಯಾಚ್, ಬೊಮ್ಮನಹಳ್ಳಿ

ಸ್ಟೀಲ್ ಡಬ್ಬಿ! ಗಂಡಸರ ಸ್ಪರ್ಧೆಗೆ ಡಬ್ಬಿ ಕೊಡ್ತಾರಾ ಅಕ್ಕಾ? ಇತಿಹಾಸ ಹೇಳೋ ದಿನವೂ ಅಡುಗೆಮನೆಗೇ ಕಳಿಸಬೇಕಾ?

ಬಣ್ಣದ ಅಂಗಳ, ದಾವಣಗೆರೆ

ಓಬವ್ವ ಕೋಟೆ ಉಳಿಸಿದ್ದೇ ಅಡುಗೆಮನೆಯ ಒನಕೆಯಿಂದ. ಇದರ ಮೇಲೆ ನಾನು ವಾದ ಮಾಡಲ್ಲ.

ಹಳೇ ಪೇಪರ್ ಪ್ರಿಯೆ, ಮೈಸೂರು

ಇಷ್ಟು ಜನ ಬರೆದಿದ್ದೀರಿ, ಕೇಳಿದವರು ನಂಜನಗೂಡಿನವರು ಅನ್ನೋದು ಯಾರಿಗೂ ಹೊಳೀಲಿಲ್ವಾ? ಬೆಂಗಳೂರು ನಾಗರತ್ನಮ್ಮ 1878ರಲ್ಲಿ ಹುಟ್ಟಿದ್ದು ನಂಜನಗೂಡಲ್ಲಿ. ತಿರುಮಲಾಂಬ, 1887, ಹೆಸರಲ್ಲೇ ನಂಜನಗೂಡು ಇದೆ. ರಾಜೇಶ್ವರಿ ಚಟರ್ಜಿ, 1922, ಅವರೂ ನಂಜನಗೂಡೇ. ಮನೆಯಂಗಳದಲ್ಲಿ ಇಂಥ ಮೂವರನ್ನ ಇಟ್ಟುಕೊಂಡು ಕಿತ್ತೂರಿಗೆ, ಚಿತ್ರದುರ್ಗಕ್ಕೆ ಯಾಕೆ ಹೋಗಬೇಕು?

ತಿರುಮಲಾಂಬ ಬಾಲವಿಧವೆ. ಮನೆಯಲ್ಲೇ ಓದಿ ಕಾದಂಬರಿ ಬರೆದರು. 'ಸತೀಹಿತೈಷಿಣಿ' ಅಂತ ಗ್ರಂಥಮಾಲೆ, 'ಕರ್ನಾಟಕ ನಂದಿನಿ' ಅಂತ ಪತ್ರಿಕೆ ನಡೆಸಿದರು. ಬರೆಯೋದು, ಪ್ರಕಟಿಸೋದು ಎಲ್ಲಾ ಅವರೇ. ಆಮೇಲೆ ಎಷ್ಟೋ ವರ್ಷ ನಾಡು ಅವರನ್ನ ಮರೆತೇಬಿಟ್ಟಿತ್ತು. ಅವರು ತೀರಿಕೊಂಡಿದ್ದು 1982ರಲ್ಲಿ. ರಾಜೇಶ್ವರಿ ಅಮೆರಿಕದ ಮಿಶಿಗನ್‌ನಲ್ಲಿ ಓದಿ ಬಂದು, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಲ್ಲಿ (ಐಐಎಸ್‌ಸಿ) ಮೈಕ್ರೋವೇವ್, ಆಂಟೆನಾ ವಿಷಯ ಪಾಠ ಮಾಡಿದರು.

ನನ್ನ ನೋವು ನಾಗರತ್ನಮ್ಮನವರದು. ದೇವದಾಸಿ ಮನೆತನದಲ್ಲಿ ಹುಟ್ಟಿ ದೊಡ್ಡ ಸಂಗೀತಗಾರ್ತಿ ಆದರು. ಮುದ್ದುಪಳನಿ ಅನ್ನೋ ಹೆಂಗಸು ತೆಲುಗಲ್ಲಿ ಬರೆದ 'ರಾಧಿಕಾ ಸಾಂತ್ವನಮು' ಕಾವ್ಯವನ್ನ ಹಿಂದೆ ಅಚ್ಚು ಹಾಕಿದವರು ಪದ್ಯಗಳನ್ನ ಕತ್ತರಿಸಿದ್ದರು. ಈಕೆ ಅದನ್ನ 1910ರಲ್ಲಿ ಪೂರ್ತಿಯಾಗಿ ತಂದರು. ಅಶ್ಲೀಲ ಅಂತ ಸರ್ಕಾರ ನಿಷೇಧ ಹಾಕಿತು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ಸಂಪಾದನೆಯಿಂದ ಗುಡಿ ಕಟ್ಟಿಸಿದರು. ಆರಾಧನೆಯಲ್ಲಿ ಹೆಂಗಸರು ಹಾಡೋ ಹಾಗಿಲ್ಲ ಅಂದಾಗ ಹೆಂಗಸರದ್ದೇ ಆರಾಧನೆ ನಡೆಸಿದರು. ನಾನು ಒಂದು ಶಾಲೆಯ ಪ್ರದರ್ಶನಕ್ಕೆ ಇಷ್ಟನ್ನೂ ಬರೆದುಕೊಟ್ಟೆ. ದೇವದಾಸಿ ಅನ್ನೋ ಮಾತು ಮಕ್ಕಳ ಮುಂದೆ ಬೇಡ ಅಂತ ಬೆಳಗ್ಗೆ ಉದ್ಘಾಟನೆಗೆ ಮುಂಚೆ ಆ ಬೋರ್ಡನ್ನೇ ತೆಗೆದು ಬೆಂಚುಗಳ ಹಿಂದೆ ನಿಲ್ಲಿಸಿದ್ದರು. ಅದನ್ನ ಬರೆಸೋಕೆ 900 ಕೊಟ್ಟಿದ್ದೆ. ದುಡ್ಡು ಹೋಗಲಿ, ಆ ತಾಯಿಯನ್ನ ಬೆಂಚಿನ ಹಿಂದೆ ನಿಲ್ಲಿಸಿದ್ದು ನನಗೆ ಇನ್ನೂ ಆರಿಲ್ಲ.

ಹಿತೈಷಿ, ಹಾಸನ

ಶಾಲೆಯವರು ಮಾಡಿದ್ದು ತಪ್ಪೇನಿಲ್ಲ. ಎಂಟನೇ ಕ್ಲಾಸಿನ ಮಕ್ಕಳು ದೇವದಾಸಿ ಅಂದ್ರೇನು ಅಂತ ಕೇಳಿದರೆ ಯಾರು ಉತ್ತರ ಕೊಡ್ತಾರೆ? ದೊಡ್ಡ ಗಾಯಕಿ ಅಂತಷ್ಟೇ ಬರೆದಿದ್ದರೆ ಸಾಕಿತ್ತು.

ನಿವೃತ್ತ ಶಿಕ್ಷಕಿ, ಧಾರವಾಡ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ ಸರ್. ಮಕ್ಕಳು ಕೇಳ್ತಾರೆ, ಟೀಚರ್ ಉತ್ತರ ಕೊಡ್ತಾರೆ. ಶಾಲೆ ಇರೋದೇ ಅದಕ್ಕೆ. ಹುಟ್ಟನ್ನು ಮುಚ್ಚಿಟ್ಟರೆ ಆಕೆ ಗೆದ್ದದ್ದು ಯಾವುದರ ವಿರುದ್ಧ ಅಂತ ಹೇಗೆ ಹೇಳ್ತೀರಿ? ಗಂಗೂಬಾಯಿಯವರೇ ತಮ್ಮ ಚಿಕ್ಕಂದಿನಲ್ಲಿ ಧಾರವಾಡದ ಓಣಿಯಲ್ಲಿ ಜನ ಹೇಗೆ ಆಡಿಕೊಳ್ತಿದ್ದರು ಅಂತ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ಅವರಿಗೆ ಇಲ್ಲದ ನಾಚಿಕೆ ನಮಗೆ ಯಾಕೆ?

ಹಿತೈಷಿ, ಹಾಸನ

ನಿಮ್ಮ ಶಾಲೆ ಬೇರೆ, ಹಳ್ಳಿ ಶಾಲೆ ಬೇರೆ. ಪೋಷಕರು ಬಂದು ಗಲಾಟೆ ಮಾಡಿದಾಗ ಎದುರಿಗೆ ನಿಲ್ಲೋರು ಹೆಡ್‌ಮಾಸ್ಟರು, ನೀವಲ್ಲ.

ಕೋಟೆ ಕಡೆಯವಳು, ಚಿತ್ರದುರ್ಗ

ಮಾರ್ಚ್ 8 ಅಂತ ಹಟ ಬೇಡ. ಮಾರ್ಚ್ ಅಂದ್ರೆ ಪರೀಕ್ಷೆ ಕಾಲ, ಹೈಸ್ಕೂಲ್ ಹಾಲ್ ಕೊಡ್ತೀನಿ ಅಂದೋರು ಹಿಂದಿನ ವಾರ ಕೈ ಎತ್ತುತ್ತಾರೆ. ನಮಗೆ ಹಾಗೇ ಆಗಿ, ಪೆಂಡಾಲಿಗೆ ಕೊಟ್ಟ ಅಡ್ವಾನ್ಸ್ 3,000 ಮುಳುಗಿತು. ನವೆಂಬರ್ 11 ಓಬವ್ವ ಜಯಂತಿ, 2021ರಿಂದ ಸರ್ಕಾರವೇ ಆಚರಿಸ್ತಿದೆ. ಇಲ್ಲಾಂದ್ರೆ ಜನವರಿ 3, ಸಾವಿತ್ರಿಬಾಯಿ ಫುಲೆ ಹುಟ್ಟಿದ ದಿನ.

ಕಪಿಲಾ ತೀರ, ನಂಜನಗೂಡು ತಾಲ್ಲೂಕು

ಎಲ್ಲರಿಗೂ ಧನ್ಯವಾದ. ಚಿತ್ರದುರ್ಗದ ಅಕ್ಕ ಹೇಳಿದ ಹಾಗೇ ಆಯ್ತು, ಇವತ್ತು ಬೆಳಗ್ಗೆ ಹಾಲ್ ಇಲ್ಲ ಅಂದರು. ಸಮುದಾಯ ಭವನ ಕೇಳಿದ್ದೇವೆ, ದಿನಕ್ಕೆ 2,000. ಆ ಮೂವರು ನಮ್ಮ ತಾಲ್ಲೂಕಿನವರು ಅನ್ನೋದು ನಮ್ಮ ಸಂಘದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾಗರತ್ನಮ್ಮನವರ ಬೋರ್ಡು ನಮ್ಮ ಭವನದಲ್ಲಿ ಬಾಗಿಲಿಗೆ ಎದುರಾಗೇ ಇರುತ್ತೆ, ಹುಟ್ಟಿನ ವಿಷಯವೂ ಇರುತ್ತೆ. ಗಾರ್ಮೆಂಟ್ಸಿಗೆ ಹೋಗುವ ಇಬ್ಬರು ಮಾತಾಡೋಕೆ ಒಪ್ಪಿದ್ದಾರೆ.

ರಂಗದ ಹುಚ್ಚು, ಮಂಡ್ಯ

ಭವನ ಸಿಕ್ಕಿದರೆ ಸ್ಟೇಜ್ ಇರುತ್ತಲ್ವಾ? ಸೀನರಿ ಇಲ್ಲದೆ, ಹಾರ್ಮೋನಿಯಂ ಒಂದೇ ಇಟ್ಟುಕೊಂಡು ಅರ್ಧ ಗಂಟೆಯ ದೃಶ್ಯ ಮಾಡಬಹುದು. ನಮ್ಮ ಚೆನ್ನಮ್ಮ ಬಸ್ ಚಾರ್ಜ್ ಕೊಟ್ಟರೆ ಬರ್ತಾಳೆ, ಕೇಳಿ ಹೇಳ್ತೀನಿ.

ನಿವೃತ್ತ ಶಿಕ್ಷಕಿ, ಧಾರವಾಡ

ನಮ್ಮ 24 ಪ್ಯಾನೆಲ್ ಗೋಣಿಚೀಲ ಸುತ್ತಿ ಅಟ್ಟದ ಮೇಲೆ ಇವೆ. ಬಸ್ಸಿಗೆ ಪಾರ್ಸಲ್ ಹಾಕಿಸುತ್ತೇನೆ, ಎರಡೂ ಕಡೆಯ ಲಗೇಜ್ ಚಾರ್ಜ್ ನೀವು ಕೊಡಿ. ಮೂಲೆ ಮುರಿಯದಂತೆ ವಾಪಸ್ ಬರಬೇಕು. ನಂಜನಗೂಡಿನ ಮೂವರು ಇದರಲ್ಲಿ ಇಲ್ಲ, ಆ ಪ್ಯಾನೆಲ್ ನೀವೇ ಮಾಡಿಸಿ. ಒಟ್ಟು 18 ಚದರ ಅಡಿ, ನಮ್ಮ ದರದಲ್ಲಿ 1,440 ಆಗುತ್ತದೆ. ಪ್ರೆಸ್ಸಿಗೆ ಯೂನಿಕೋಡಿನಲ್ಲೇ ಕೊಡಿ. ಅಚ್ಚಿಗೆ ಹೋಗುವ ಮುಂಚೆ ಒಂದು ಪ್ರತಿ ನನಗೆ ಕಳಿಸಿ, ಒತ್ತಕ್ಷರ ನಾನು ನೋಡುತ್ತೇನೆ.