ಬಾಣಂತಿ ಕೋಣೆಯ ಕೆಂಡ: ಅನುಭವವಿದ್ದವರು ತಿಳಿಸಿ

ಹೊಸ ತಾಯಿ, ಚಿಕ್ಕಬಳ್ಳಾಪುರ: ಮಗುವಿಗೆ 18 ದಿನ. ಚಳಿಯೆಂದು ಅತ್ತೆ ರಾತ್ರಿಯಿಡೀ ಕೋಣೆಯಲ್ಲಿ ಕೆಂಡ ಇಡುತ್ತಾರೆ. ಬೆಳಗಾದರೆ ನನಗೆ ತಲೆ ಸಿಡಿತ, ವಾಕರಿಕೆ. ಮಗು ಹಾಲು ಚೀಪುತ್ತಿಲ್ಲ, ಎಬ್ಬಿಸಿದರೂ ಕಣ್ಣು ಬಿಡುತ್ತಿಲ್ಲ. ಜ್ವರವಿಲ್ಲ. ಕೆಂಡದಿಂದ ಹೀಗಾಗುತ್ತದೆಯೇ?

ಚಿಂತಾಮಣಿಯ ತಂದೆ: ನಮ್ಮ ಮಗಳಿಗೂ ಆಗಿತ್ತು. ನರ್ಸಿಂಗ್ ಹೋಮಿನಲ್ಲಿ ಪಾದಕ್ಕೆ ಆಕ್ಸಿಮೀಟರ್ ಕಟ್ಟಿ, ರಕ್ತದಲ್ಲಿ ಆಮ್ಲಜನಕ 98 ಇದೆ, ನಂಜಿರಬಹುದು ಎಂದು ಮೂರು ದಿನ ಆಂಟಿಬಯಾಟಿಕ್ ಕೊಟ್ಟರು. ಬಿಲ್ಲು 21,400. ಅಲ್ಲಿ ಚೆನ್ನಾಗಿದ್ದ ಮಗು ಮನೆಗೆ ಬಂದ ರಾತ್ರಿಯೇ ಮತ್ತೆ ಬಾಡಿತು. ಕೆಂಡ ಬಿಡುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಹತ್ತಿದ ರಕ್ತವನ್ನು ಆ ಯಂತ್ರ ಆಮ್ಲಜನಕವಿರುವ ರಕ್ತವೆಂದೇ ತೋರಿಸುತ್ತದೆಯಂತೆ! ಆ ಅನಿಲ ರಕ್ತಕ್ಕೆ ಎಷ್ಟು ಹತ್ತಿದೆಯೆಂದು ತಿಳಿಸುವ ಕಾರ್ಬಾಕ್ಸಿಹಿಮೋಗ್ಲೋಬಿನ್ ಪರೀಕ್ಷೆ ಆದದ್ದು ಬೆಂಗಳೂರಿನಲ್ಲಿ. ಬಾಡಿಗೆ ಕಾರಿಗೆ 3,800, ಕಾಯ್ದಿದ್ದಕ್ಕೆ ಮತ್ತೆ 600. ಆ ಆರುನೂರು ಇಂದಿಗೂ ಹೊಟ್ಟೆ ಉರಿಸುತ್ತದೆ.

ಮುಳಬಾಗಿಲಿನ ಅಜ್ಜಿ: ನಾಲ್ಕು ಬಾಣಂತನ ಕೆಂಡದಲ್ಲೇ ಮಾಡಿದ್ದೇನೆ, ಒಂದು ಕೂಸೂ ಸೀನಲಿಲ್ಲ. ನಮ್ಮದು ನಾಡಹೆಂಚಿನ ಮನೆ, ಮಲಗಿದರೆ ಸಂದಿಯಲ್ಲಿ ಚುಕ್ಕಿ ಕಾಣುತ್ತಿತ್ತು. ನೀವು ತಾರಸಿ ಕೋಣೆಯ ಕಿಟಕಿಗೆ ಹಳೆಯ ಸೀರೆ ತುರುಕಿ ಕೆಂಡವನ್ನು ಬೈಯುತ್ತೀರಿ.

ತುಮಕೂರಿನ ನರ್ಸ್: ಅಜ್ಜಿ, ದಯವಿಟ್ಟು ಧೈರ್ಯ ತುಂಬಬೇಡಿ. ಹೊಗೆ ಅಡಗಿ ನಿಗಿನಿಗಿ ಎನ್ನುವ ಕೆಂಡವೂ ಈ ಅನಿಲ ಬಿಡುತ್ತದೆ, ವಾಸನೆಯೇ ಇಲ್ಲ. ತಾಯೀ, ಮಗುವನ್ನೆತ್ತಿಕೊಂಡು ಈಗಲೇ ಹೊರಗೆ ಬನ್ನಿ, 108ಕ್ಕೆ ಕರೆ ಮಾಡಿ, ಕೆಂಡವಿತ್ತೆಂದು ಮೊದಲೇ ಹೇಳಿ. ದೊಡ್ಡವರಲ್ಲಿ ಈ ವಿಷ ಅರ್ಧಕ್ಕಿಳಿಯಲು ಬರಿಯ ಗಾಳಿಯಲ್ಲಿ 4–5 ಗಂಟೆ ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ನಮ್ಮನೆಯಲ್ಲಿ ಕೆಂಡವಿರಲಿಲ್ಲ, ಬಚ್ಚಲಿನಲ್ಲಿ ಇದೇ ಅನಿಲ ಬಿಡುವ ಗ್ಯಾಸ್ ಗೀಸರ್ ಇತ್ತು. ಕಾಲ ಮೇಲೆ ಮಗುವನ್ನು ಮಲಗಿಸಿ ನೀರು ಹಾಕುತ್ತಿದ್ದ ಅಮ್ಮ ಹಾಗೆಯೇ ಗೋಡೆಗೆ ವಾಲಿದರು, ಚೊಂಬು ಕೈಯಲ್ಲೇ ಇತ್ತು. ನರ್ಸ್ ಆದ ನಾನೇ ಆ ಗೀಸರ್ ಹಾಕಿಸಿದವಳು. ಅದನ್ನು ಹೊರಗೋಡೆಗೆ ಸಾಗಿಸಲು 4,350 ಆಯಿತು.

ಮಾಲೂರಿನವನು: 4,350? ನಿಮಗೆ ಟೋಪಿ ಹಾಕಿದ್ದಾರೆ. ನನಗೆ ಪೈಪು ಸೇರಿ 1,900.

ಚಿಂತಾಮಣಿಯ ತಂದೆ: ಇಲ್ಲಿ ಮಗುವಿನ ಜೀವದ ಮಾತು ನಡೆಯುತ್ತಿದೆ ಸ್ವಾಮಿ, ಪೈಪಿನದಲ್ಲ.

ಮಾಲೂರಿನವನು: ಕಾರು ಬಾಡಿಗೆಯ ಲೆಕ್ಕ ಬರೆದವರು ಯಾರು?

ಹೊಸ ತಾಯಿ, ಚಿಕ್ಕಬಳ್ಳಾಪುರ: ಜಗಲಿಯಲ್ಲಿದ್ದೇವೆ, ಆಂಬುಲೆನ್ಸ್ ಬರುತ್ತಿದೆ. ಅತ್ತೆಗೂ ಮೂರು ದಿನದಿಂದ ತಲೆ ಸುತ್ತುತ್ತಿತ್ತಂತೆ, ಈಗ ಬಾಯಿ ಬಿಟ್ಟರು.

ಮುಳಬಾಗಿಲಿನ ಅಜ್ಜಿ: ಅವರನ್ನೂ ಹತ್ತಿಸಿಕೊಂಡು ಹೋಗು ತಾಯಿ. ತಪ್ಪು ಆ ಸೀರೆಯದೇ, ಕೆಂಡದ್ದಲ್ಲ.