ಇಬ್ಬರೂ ಆಫೀಸಿಗೆ ಹೋಗುವ ಮನೆಗೆ 9 ವಾರದ ಲ್ಯಾಬ್ರಡಾರ್ (ಲ್ಯಾಬ್) ನಾಯಿಮರಿ: ಸುಸು-ಪಾಟಿ (ಉಚ್ಚೆ-ಕಕ್ಕ) ಅಭ್ಯಾಸ ಹೇಗೆ?

ವಾಕಡ್_7ನೇ_ಮಹಡಿ

ಪುಣೆಯ ವಾಕಡ್‌ನಲ್ಲಿ 2 ಬಿಎಚ್‌ಕೆ ಫ್ಲ್ಯಾಟ್, 7ನೇ ಮಹಡಿ. ಇಬ್ಬರದೂ ಹಿಂಜವಡಿಯಲ್ಲಿ ಕೆಲಸ. ಬೆಳಿಗ್ಗೆ 9ಕ್ಕೆ ಹೊರಟರೆ ಸಂಜೆ ಬರುವಷ್ಟರಲ್ಲಿ 6:30–7 ಆಗುತ್ತೆ. ಸೋಮವಾರ, ಶುಕ್ರವಾರ ಮಾತ್ರ ಒಬ್ಬರು ಮನೆಯಿಂದಲೇ ಕೆಲಸ ಮಾಡಬಹುದು. ಜೂನ್ ಮೊದಲ ವಾರ ಹೆಣ್ಣು ಲ್ಯಾಬ್ ಮರಿ ಬರುತ್ತೆ, ಅಷ್ಟೊತ್ತಿಗೆ 9 ವಾರ ತುಂಬಿರುತ್ತೆ. ಮೊದಲ ಲಸಿಕೆ ಆಗಿದೆ. ಪೂರ್ತಿ ಲಸಿಕೆ ಆಗುವವರೆಗೆ ಕೆಳಗೆ ನೆಲಕ್ಕೆ ಬಿಡಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ.

ಮೂರು ಪ್ರಶ್ನೆ. ನಾವು ಇಲ್ಲದಾಗ ಕ್ರೇಟ್ (ಬಾಗಿಲಿರುವ ನಾಯಿ ಪೆಟ್ಟಿಗೆ) ಒಳಗೆ ಬಿಡಬಹುದಾ? ಬಟ್ಟೆ ಒಗೆದು ಒಣಗಿಸುವ ಡ್ರೈ ಬಾಲ್ಕನಿಯನ್ನೇ ಅದರ ಟಾಯ್ಲೆಟ್ ಮಾಡಿದರೆ ಹೇಗೆ? ಸುಸು ಹೀರುವ ಪ್ಯಾಡ್ ರೂಢಿ ಮಾಡಿಸಿದರೆ ಮುಂದೆ ಹೊರಗೆ ಮಾಡೋದೇ ಇಲ್ಲ ಅಂತಾರಲ್ಲ, ನಿಜಾನಾ?

ಔಂಧ್_ಶ್ವಾನಮಿತ್ರ

ಮೊದಲು ಒಂದು ಲೆಕ್ಕ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿ. ಹಗಲಲ್ಲಿ ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಳ್ಳುತ್ತೆ. ನಿಮ್ಮದಕ್ಕೆ 3 ಗಂಟೆ, ಅದೂ ಮಲಗಿದ್ದರೆ. ಆಡುತ್ತಿದ್ದರೆ ಅರ್ಧ ಗಂಟೆಗೇ ಬರಬಹುದು. ನೀವು ಹೊರಗಿರುವುದು ಹತ್ತು ಗಂಟೆ. ಈ ಅಂತರವನ್ನು ಯಾವ ಶಿಸ್ತೂ ತುಂಬಲ್ಲ, ಮಧ್ಯದಲ್ಲಿ ಯಾರಾದರೂ ಬಂದು ಹೋಗಲೇಬೇಕು. ಮರಿ ಬರುವ ಮೊದಲೇ ಆ ವ್ಯವಸ್ಥೆ ಆಗಿರಲಿ.

ಇಡೀ ದಿನ ಕ್ರೇಟ್ ಖಂಡಿತ ಬೇಡ. ನಾಯಿ ತಾನು ಮಲಗುವ ಜಾಗ ಹೊಲಸು ಮಾಡಿಕೊಳ್ಳಲ್ಲ, ಕ್ರೇಟ್ ನಿಂತಿರುವುದೇ ಆ ಗುಣದ ಮೇಲೆ. ತಡೆಯಲಾಗದೆ ಒಳಗೇ ಮಾಡಿ, ಅದರಲ್ಲೇ ಕೂತು ಮರಿಗೆ ರೂಢಿಯಾದರೆ ಆ ಗುಣ ಕೆಡುತ್ತೆ. ಆಮೇಲೆ ತಿದ್ದುವುದಕ್ಕೆ ತಿಂಗಳುಗಟ್ಟಲೆ ಬೇಕು. ಕ್ರೇಟ್ ರಾತ್ರಿಗೆ, ಮತ್ತೆ ನೀವು ಮನೆಯಲ್ಲಿದ್ದಾಗ ಒಂದೆರಡು ಗಂಟೆಯ ನಿದ್ದೆಗೆ. ಒಳಗೆ ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟೇ ಜಾಗ ಇರಲಿ. ದೊಡ್ಡ ಕ್ರೇಟ್ ತಂದಿದ್ದರೆ ಅಡ್ಡ ಹಲಗೆ ಹಾಕಿ ಚಿಕ್ಕದು ಮಾಡಿ, ಇಲ್ಲದಿದ್ದರೆ ಒಂದು ಮೂಲೆಯಲ್ಲಿ ಮಾಡಿ ಇನ್ನೊಂದು ಮೂಲೆಯಲ್ಲಿ ಮಲಗುತ್ತೆ.

ಹಗಲಿಗೆ ಪ್ಲೇಪೆನ್ (ಪೆನ್), ಅಂದರೆ ಮರಿಗೆ ಬೇಲಿ ಹಾಕಿದ ಜಾಗ. ಹಾಲ್‌ನ ಮೂಲೆಯಲ್ಲಿ ಸುಮಾರು 4×6 ಅಡಿ, ಬೇಲಿ ಎರಡೂವರೆ ಅಡಿಗಿಂತ ಕಡಿಮೆ ಬೇಡ, ಲ್ಯಾಬ್ ಬೇಗ ಬೆಳೆಯುತ್ತೆ. ಕೆಳಗೆ ಒಂದೇ ತುಂಡಿನ ವಿನೈಲ್ ಶೀಟ್ ಹಾಸಿ. ಒಂದು ತುದಿಯಲ್ಲಿ ಹಾಸಿಗೆ ಮತ್ತು ನೀರು, ಇನ್ನೊಂದು ತುದಿಯಲ್ಲಿ 60×90 ಸೆಂ.ಮೀ. ಅಳತೆಯ ಎರಡು ಪ್ಯಾಡ್ ಜೋಡಿಸಿ. ಮೊದಲ ವಾರ ಪೆನ್‌ನ ಅರ್ಧ ಭಾಗ ಪ್ಯಾಡೇ ಇರಲಿ. ಮರಿ ಒಂದೇ ಕಡೆ ಮಾಡತೊಡಗಿದ ಮೇಲೆ ಹಾಸಿಗೆ ಕಡೆಯ ಪ್ಯಾಡ್ ತೆಗೆಯಿರಿ. ಪ್ಯಾಡನ್ನು ಫ್ರೇಮ್ ಇರುವ ಟ್ರೇಗೆ ಸಿಕ್ಕಿಸುವುದು ಮುಖ್ಯ. ಲ್ಯಾಬ್ ಮರಿಗಳು ಹರಿದು ಒಳಗಿನ ಜೆಲ್ಲನ್ನೂ ನುಂಗುತ್ತವೆ. ಎಷ್ಟೇ ಎಚ್ಚರವಿದ್ದರೂ ಹರಿಯುತ್ತಿದ್ದರೆ ಒಗೆದು ಬಳಸುವ ಬಟ್ಟೆಯ ಪ್ಯಾಡಿಗೆ ಹೋಗಿ. ಮನೆಯಲ್ಲಿರುವ ಕಾಲೊರಸು, ಬಾತ್‌ರೂಮ್ ಮ್ಯಾಟ್ ಎಲ್ಲವನ್ನೂ ಎತ್ತಿಡಿ. ಕಾಲಿಗೆ ಮೆತ್ತಗೆ ಹತ್ತಿದ್ದೆಲ್ಲ ಮರಿಗೆ ಪ್ಯಾಡೇ.

ಡ್ರೈ ಬಾಲ್ಕನಿ ಬೇಡ. ವಾಷಿಂಗ್ ಮಶೀನಿನ ವಯರು, ಸೋಪಿನ ಪುಡಿ, ಗ್ರಿಲ್ ಸಂದಿ ಎಲ್ಲ ಅಲ್ಲೇ ಇರುತ್ತೆ. ಜೂನ್‌ನಲ್ಲಿ ಎರಚಲು ಬಡಿದು ನೆಲ ಜಾರುತ್ತೆ, ಹೆದರಿದ ಮರಿ ಆ ಬಾಗಿಲು ದಾಟಲ್ಲ.

ದಿನಚರಿ ಹೀಗಿರಲಿ. 6ಕ್ಕೆ ಎದ್ದ ತಕ್ಷಣ ಎತ್ತಿಕೊಂಡು ಪ್ಯಾಡಿಗೆ. ನಡೆಸಿಕೊಂಡು ಹೋದರೆ ದಾರಿಯಲ್ಲೇ ಆಗುತ್ತೆ. 6:30ಕ್ಕೆ ಊಟ, 20 ನಿಮಿಷಕ್ಕೆ ಬಟ್ಟಲು ಎತ್ತಿ. ಉಂಡು 5ರಿಂದ 30 ನಿಮಿಷದೊಳಗೆ ಪಾಟಿ ಬರುತ್ತೆ, ಆಗ ಪಕ್ಕದಲ್ಲೇ ಇರಿ. ಆಮೇಲೆ ಆಟ, ಮತ್ತೆ ಪ್ಯಾಡ್, 8:50ಕ್ಕೆ ಕೊನೆಯ ಸಲ. ಮಧ್ಯಾಹ್ನದ ಊಟ 12ಕ್ಕೆ, ರಾತ್ರಿಯದು 7ಕ್ಕೆ. ಮಲಗುವ ಮುಂಚೆ 10:45ಕ್ಕೆ ಒಮ್ಮೆ. ಮೊದಲ ಕೆಲವು ವಾರ ನಡುರಾತ್ರಿ 2:30ರ ಹೊತ್ತಿಗೆ ಅಲಾರಂ ಇಟ್ಟು ಏಳಿ. ಲೈಟ್ ಮಂದ ಇರಲಿ, ಮಾತು ಬೇಡ, ಮಾಡಿಸಿ ಮತ್ತೆ ಮಲಗಿಸಿ. ಹಗಲಲ್ಲಿ ನೀರು ತಪ್ಪಿಸಬೇಡಿ, ಮಲಗುವ ಒಂದು ಗಂಟೆ ಮೊದಲು ಎತ್ತಿದರೆ ಸಾಕು.

ಬಹುಮಾನದ ವಿಷಯದಲ್ಲಿ ಎಲ್ಲರೂ ಎಡವುವುದು ಸಮಯದಲ್ಲಿ. ಮರಿ ಮುಗಿಸಿದ ಎರಡು ಸೆಕೆಂಡಿನೊಳಗೆ, ಅದೇ ಜಾಗದಲ್ಲಿ, ಕಡಲೆಕಾಳಿನಷ್ಟು ಬೇಯಿಸಿದ ಕೋಳಿ ಅಥವಾ ಪನೀರ್ ಬಾಯಿಗೆ ಸಿಗಬೇಕು. ಅಡುಗೆಮನೆಗೆ ಹೋಗಿ ತಂದು ಕೊಟ್ಟರೆ, ಅಡುಗೆಮನೆಗೆ ಓಡಿ ಬಂದಿದ್ದಕ್ಕೆ ಸಿಕ್ಕಿತು ಅಂದುಕೊಳ್ಳುತ್ತೆ. ಡಬ್ಬಿ ಪ್ಯಾಡ್ ಪಕ್ಕದ ಶೆಲ್ಫಿನಲ್ಲೇ ಇರಲಿ. ಅದು ಮಾಡುತ್ತಿರುವಾಗ ಮೆಲ್ಲಗೆ ‘ಸುಸು’ ಅನ್ನಿ. ಕೆಲಸದ ಬಾಯಿಯ (ಮನೆಗೆಲಸದಾಕೆಯ) ಮರಾಠಿಗೂ ಊರಿಂದ ಬರುವ ಅಜ್ಜಿಯ ಕನ್ನಡಕ್ಕೂ ಅದೊಂದೇ ಸಾಕು.

ಮಧ್ಯಾಹ್ನದ ಜನದ ವಿಚಾರ: ಕನಿಷ್ಠ ಎರಡು ಭೇಟಿ, 12ಕ್ಕೊಂದು, 3ಕ್ಕೊಂದು. ಒಂದಕ್ಕೆ ಬಾಯಿ, ಇನ್ನೊಂದಕ್ಕೆ ಡಾಗ್ ವಾಕರ್ ಅಥವಾ ನೆರೆಯವರು. ಬಂದವರು ಮೊದಲು ಹಳೇ ಪ್ಯಾಡ್ ಬದಲಿಸಲಿ, 12ಕ್ಕೆ ಬಂದವರು ಊಟವನ್ನೂ ಕೊಡಲಿ, 20 ನಿಮಿಷ ಕಣ್ಣಮುಂದೆ ಬಿಡಲಿ, ಸುಸು-ಪಾಟಿ ಆದ ಮೇಲೆ ಪೆನ್ ಒಳಗೆ ಬಿಟ್ಟು ಹೋಗಲಿ. ಎಷ್ಟು ಹೊತ್ತಿಗೆ ಏನಾಯ್ತು ಅಂತ ಫ್ರಿಜ್ ಮೇಲಿನ ಹಾಳೆಯಲ್ಲಿ ಗೀಟು ಹಾಕಲು ಹೇಳಿ. ನಾಲ್ಕೈದು ದಿನದಲ್ಲಿ ಮರಿಯ ಹೊತ್ತು ನಿಮಗೇ ಕಾಣುತ್ತೆ, ವೇಳಾಪಟ್ಟಿ ಅದಕ್ಕೆ ಹೊಂದಿಸಿ. ಸಾಧ್ಯವಾದರೆ ಇಬ್ಬರೂ ಮೊದಲ ವಾರದ ರಜೆಯನ್ನು ಒಟ್ಟಿಗೆ ಹಾಕದೆ ಒಬ್ಬರ ನಂತರ ಒಬ್ಬರು ಹಾಕಿ.

ಸೊಲ್ಲಾಪುರ_ರೋಡ್

ಮ್ಯಾಲಿನವರು ಎಲ್ಲಾ ಹೇಳ್ಯಾರ, ಒರಸೂದೊಂದು ಬಿಟ್ಟಾರ. ಅಲ್ಲೇ ಭಾಳ ಮಂದಿ ಕೆಡಸ್ತಾರ ನೋಡ್ರಿ.

ಫಿನೈಲ್ ಹಾಕಬ್ಯಾಡ್ರಿ. ಕುನ್ನಿಮರಿ ಅದರಾಗ ಅಡ್ಡಾಡಿ ಕಾಲು ನೆಕ್ಕತೈತಿ, ಕರಿ ಫಿನೈಲಿನ್ಯಾಗಿನ ಫಿನಾಲ್ ಅದಕ್ಕ ವಿಷ. ಅಮೋನಿಯಾ ಇರೂ ಕ್ಲೀನರೂ ಬ್ಯಾಡ, ಅದರ ವಾಸನಿ ಉಚ್ಚಿ ವಾಸನಿ ಹಂಗ ಇರ್ತೈತಿ, ಮರಿ ಮತ್ತ ಅಲ್ಲೇ ಬಂದು ಮಾಡ್ತೈತಿ. ಬಾಯಿಗೆ ಮೊದಲ ದಿನಾನೇ ಹೇಳಿಬಿಡ್ರಿ, ಇಲ್ಲಂದ್ರ ಆಕಿ ದಿನಾ ನೆಲ ಒರಸೂ ನೀರಿಗೆ ಒಂದು ಮುಚ್ಚಳ ಸುರೀತಾಳ.

ಮೊದಲ ಹಳೇ ಪೇಪರಿನಿಂದ ಒತ್ತಿ ಹೀರಸ್ರಿ, ತಿಕ್ಕಬ್ಯಾಡ್ರಿ, ತಿಕ್ಕಿದ್ರ ಟೈಲ್ಸ್ ಸಂದ್ಯಾಗ ಇಳೀತೈತಿ. ಆಮ್ಯಾಲ ಎನ್‌ಜೈಮ್ ಕ್ಲೀನರ್ (ಉಚ್ಚಿ ಕಲಿ-ವಾಸನಿ ಒಡೆಯೂ ದ್ರಾವಣ) ಹೊಡೆದು 10–15 ನಿಮಿಷ ಹಸೀನೇ ಬಿಡ್ರಿ. ಹೊಡೆದ ಕೂಡಲೆ ಒರಸಿದ್ರ ಎನ್‌ಜೈಮಿಗೆ ಕೆಲಸ ಮಾಡಾಕ ವ್ಯಾಳ್ಯಾನೇ ಸಿಗೂದಿಲ್ಲ. ಅದು ಇರಲಿಲ್ಲಂದ್ರ ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು. ಆದ್ರ ಮಾರ್ಬಲ್, ಕೋಟಾ, ಕಡಪಾ ಕಲ್ಲಿನ ಮ್ಯಾಲ ವಿನೆಗರ್ ಬ್ಯಾಡ, ಸುಣ್ಣದ ಅಂಶದ ಕಲ್ಲು ಅವು, ಹುಳಿಗೆ ಹೊಳಪು ಹೋಗತೈತಿ.

ಉಚ್ಚ್ಯಾಗ ಮರಿ ಮೂಗು ತಿಕ್ಕೂದು, ಬಡಿಯೂದು ಮಾಡಬ್ಯಾಡ್ರಿ. ಉಚ್ಚಿ ಹೊಯ್ಯೂದು ತಪ್ಪು ಅಂತ ಅದಕ್ಕ ತಿಳಿಯೂದಿಲ್ಲ, ನಿಮ್ಮ ಮುಂದ ಹೊಯ್ಯಬಾರದು ಅಂತ ತಿಳೀತೈತಿ. ಸೋಫಾದ ಹಿಂದ ಹೋಗಿ ಮಾಡ್ತೈತಿ, ಹೊರಗ ಕರಕೊಂಡು ಹೋದ್ರೂ ನಿಮ್ಮ ಎದುರಿಗೆ ಮಾಡೂದಿಲ್ಲ. ಮಾಡಾಕತ್ತಿದ್ದು ಕಣ್ಣಿಗೆ ಬಿದ್ರ ಮೆಲ್ಲಕ ಚಪ್ಪಾಳಿ ತಟ್ಟಿ, ಎತ್ತಿ ಪ್ಯಾಡಿಗೆ ಒಯ್ರಿ. ಆಗಿಹೋಗಿದ್ರ ಸುಮ್ಮನ ಒರಸ್ರಿ.

ಠಾಣೆ_ಕನ್ನಡತಿ

ಪ್ಯಾಡ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಪ್ಯಾಡ್ ಅಭ್ಯಾಸವಾದರೆ ಮುಂದೆ ಹೊರಗೆ ಮಾಡುವುದೇ ಇಲ್ಲ ಎನ್ನುವುದು ಪೂರ್ತಿ ನಿಜ ಅಲ್ಲ, ಆದರೆ ಅದರಿಂದ ಕೆಲಸ ಎರಡು ಸಲ ಆಗುವುದು ನಿಜ. ಮರಿ ಚಿಕ್ಕದಿದ್ದಾಗ ಅಂಗಾಲಿಗೆ ಯಾವುದು ರೂಢಿಯಾಗುತ್ತದೋ ಅದನ್ನೇ ಹುಡುಕುತ್ತದೆ. ಬಟ್ಟೆ ರೂಢಿಯಾದರೆ ಬಟ್ಟೆ, ಹುಲ್ಲಾದರೆ ಹುಲ್ಲು. ಆದ್ದರಿಂದ ಸೋಮ, ಶುಕ್ರ ಮತ್ತು ವಾರಾಂತ್ಯ, ಅಂದರೆ ಜನ ಇರುವ ನಾಲ್ಕು ದಿನ, ಟ್ರೇಯಲ್ಲಿ ನಿಜವಾದ ಹುಲ್ಲಿನ ಹಾಸು ಇಡಿ. ನರ್ಸರಿಯಲ್ಲಿ ಲಾನ್ ಹಾಸು ಸಿಗುತ್ತದೆ, ಔಷಧಿ ಹೊಡೆಯದ್ದನ್ನು ಕೇಳಿ ತನ್ನಿ. ಉಳಿದ ದಿನ ಪ್ಯಾಡ್. ಎರಡೂ ಒಂದೇ ಜಾಗದಲ್ಲಿರಲಿ.

ಡಾಕ್ಟರ್ ಹೇಳಿದ್ದನ್ನು ಮೀರಬೇಡಿ. ಮರಿಗಳಿಗೆ ಮಾರಕ ವಾಂತಿ-ಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಸೊಸೈಟಿ ಗಾರ್ಡನ್‌ನಲ್ಲಿ ಯಾವ ನಾಯಿ ಹೋಗಿತ್ತೋ ಯಾರಿಗೂ ಗೊತ್ತಿರಲ್ಲ. ಲಸಿಕೆಯ ಸರಣಿ 16 ವಾರದವರೆಗೆ ನಡೆಯುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಲೆಪ್ಟೊಸ್ಪೈರೋಸಿಸ್ (ಇಲಿ ಜ್ವರ) ಬೇರೆ, ಇಲಿ ಉಚ್ಚೆ ಬೆರೆತ ನಿಂತ ನೀರಿನಿಂದ ಬರುತ್ತದೆ. ಅದರ ಲಸಿಕೆ ಸೇರಿದೆಯೇ ಎಂದು ಡಾಕ್ಟರನ್ನು ಕೇಳಿಕೊಳ್ಳಿ. ಆದರೆ ಎತ್ತಿಕೊಂಡು ಕೆಳಗೆ ಕರೆದುಕೊಂಡು ಹೋಗಲು ಅಡ್ಡಿಯಿಲ್ಲ. ಲಿಫ್ಟ್, ವಾಚ್‌ಮನ್, ರಿಕ್ಷಾ ಸದ್ದು, ಮಳೆ ಎಲ್ಲ ಈಗಲೇ ಪರಿಚಯವಾಗಲಿ. ಮಳೆಗೆ ಹೆದರುವ ನಾಯಿ ಮುಂದೆ ಜುಲೈ ಪೂರ್ತಿ ತಡೆದುಕೊಂಡು ಮನೆಗೆ ಬಂದು ಮಾಡುತ್ತದೆ.

ವಾಕಡ್_7ನೇ_ಮಹಡಿ

ಎಲ್ಲರಿಗೂ ಧನ್ಯವಾದ. ಪೆನ್ ಆರ್ಡರ್ ಮಾಡಿದೆವು. 12 ಗಂಟೆಗೆ ಬಾಯಿ ಒಪ್ಪಿದ್ದಾರೆ, 3 ಗಂಟೆಗೆ ವಾಕರ್ ಹುಡುಕುತ್ತಿದ್ದೇವೆ. ಲಸಿಕೆ ಮುಗಿದ ಮೇಲೆ ಪ್ಯಾಡ್ ಯಾವಾಗ ತೆಗೆಯೋದು? ಲಿಫ್ಟಲ್ಲೇ ಮಾಡಿಬಿಟ್ಟರೆ ಸೊಸೈಟಿ ಕಮಿಟಿಯವರು ಸುಮ್ಮನಿರಲ್ಲ.

ಔಂಧ್_ಶ್ವಾನಮಿತ್ರ

ಎರಡು ವಾರ ಪ್ಯಾಡ್ ಬಿಟ್ಟು ಬೇರೆಲ್ಲೂ ಮಾಡಿರಬಾರದು, ಕೆಳಗೆ ಬಿಡಬಹುದು ಅಂತ ಡಾಕ್ಟರೂ ಹೇಳಿರಬೇಕು. ಆಮೇಲೆ ನೀವು ಮನೆಯಲ್ಲಿರುವ ದಿನಗಳಲ್ಲಿ ಪ್ಯಾಡನ್ನು ಪೆನ್ನಿಂದ ಹೊರಗೆ ತಂದು, ಎರಡು-ಮೂರು ದಿನಕ್ಕೊಮ್ಮೆ ಒಂದೆರಡು ಅಡಿ ಮುಖ್ಯ ಬಾಗಿಲ ಕಡೆ ಸರಿಸಿ. ಮರಿ ತಪ್ಪಿದರೆ ಹಿಂದಿನ ಜಾಗಕ್ಕೆ ವಾಪಸ್. ಬಾಗಿಲ ಹತ್ತಿರ ಬಂದ ಮೇಲೆ ಸುಸು ಇರುವ ಪ್ಯಾಡಿನ ತುಂಡನ್ನು ಕೆಳಗೆ ಒಯ್ದು ನೀವು ಆರಿಸಿದ ಮೂಲೆಯಲ್ಲಿ ಇಡಿ, ಮರಿ ಮಾಡಿದ ಮೇಲೆ ಎತ್ತಿಕೊಂಡು ಬನ್ನಿ. ದಿನಾ ಅದೇ ಮೂಲೆ, ಬೆಲ್ಟ್ ಹಾಕಿ ಐದು ನಿಮಿಷ ನಿಲ್ಲಿ, ಆಟ ಆಮೇಲೆ. ಸುಸು ಆದ ಕೂಡಲೇ ಮೇಲಕ್ಕೆ ಕರೆದುಕೊಂಡು ಬಂದರೆ, ಆಟ ಮುಗಿಯಬಾರದು ಅಂತ ತಡೆಯೋದು ಕಲಿಯುತ್ತೆ. ಆಫೀಸ್ ದಿನದ ಪೆನ್ ಪ್ಯಾಡ್ 6 ತಿಂಗಳವರೆಗೂ ಇದ್ದರೆ ನಷ್ಟವಿಲ್ಲ.

ಲಿಫ್ಟಿನಲ್ಲಿ ನೆಲಕ್ಕೆ ಬಿಡಬೇಡಿ, ಎತ್ತಿಕೊಂಡೇ ಹೋಗಿ. ಭಾರವಾದ ಮೇಲೆ ಬಾಗಿಲಿಂದ ಲಿಫ್ಟಿಗೆ, ಲಿಫ್ಟಿಂದ ಮೂಲೆಗೆ ನಿಲ್ಲಿಸದೆ ಚುರುಕಾಗಿ ನಡೆಸಿ. ನಿಂತು ಮೂಸಿದರೇ ಮಾಡುವುದು. ಬ್ಯಾಗಿನಲ್ಲಿ ಒಂದು ಪ್ಯಾಡ್, ಸ್ಪ್ರೇ, ಪಾಟಿ ಎತ್ತುವ ಚೀಲ ಇರಲಿ. ನಾಯಿಯನ್ನು ಲಿಫ್ಟಿನಲ್ಲಿ ತರಬೇಡಿ ಅಂತ ಕಮಿಟಿ ಹೇಳುವಂತಿಲ್ಲ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಆದರೆ ಮಾಡಿದ್ದನ್ನು ತೆಗೆಯುವುದು ನಮ್ಮ ಕೆಲಸ.

ಇನ್ನೊಂದು. ಹೆಣ್ಣು ಮರಿಗಳಲ್ಲಿ ಮೂತ್ರದ ಸೋಂಕು ಹೆಚ್ಚು. ಚೆನ್ನಾಗಿ ಕಲಿತ ಮರಿ ಇದ್ದಕ್ಕಿದ್ದಂತೆ ಪದೇ ಪದೇ ಕೂತು ಹನಿ ಹನಿ ಮಾಡಿದರೆ, ಬಣ್ಣ ಕೆಂಪಗಿದ್ದರೆ, ತರಬೇತಿ ಕೆಟ್ಟಿತು ಅಂತ ಬೈಯಬೇಡಿ. ಬೆಳಗಿನ ಮೊದಲ ಸುಸುವನ್ನು ಶುಚಿಯಾದ ಚಪ್ಪಟೆ ತಟ್ಟೆಯಲ್ಲಿ ಹಿಡಿದು ಅದೇ ದಿನ ಡಾಕ್ಟರ್ ಹತ್ತಿರ ಒಯ್ಯಿರಿ. ನೀವು ಮನೆಗೆ ಬಂದಾಗ ಖುಷಿಗೆ ಕಾಲ ಬುಡದಲ್ಲಿ ನಾಲ್ಕು ಹನಿ ಸೋರಿದರೆ ಅದು ಬೇರೆ ವಿಷಯ. ಬಗ್ಗಿ ಮುದ್ದಾಡದೆ, ಸದ್ದಿಲ್ಲದೆ ಒಳಗೆ ಬಂದು ನೇರ ಪ್ಯಾಡಿಗೆ ಕರೆದುಕೊಂಡು ಹೋಗಿ. ಬೆಳೆಯುತ್ತಾ ಅದು ನಿಲ್ಲುತ್ತೆ.